ಮುಂಜಾನೆ ಫುಲ್, ಮಧ್ಯಾಹ್ನಕ್ಕೆ ಖಾಲಿ: ಮೊಬೈಲ್ ಬ್ಯಾಟರಿಯ ದೋಷ ಹುಡುಕುವ ಬಗೆ

"ಮುಂಜಾನೆ ಫುಲ್ ಇತ್ತರಿ, ಮಧ್ಯಾಹ್ನಕ್ಕ ಖಾಲಿ. ಬ್ಯಾಟರಿ ಬದಲಿ ಮಾಡಿ ಕೊಡ್ರಿ." ವಿಜಯಪುರ, ಬಾಗಲಕೋಟೆ, ಬೆಳಗಾವಿ ಎಲ್ಲಿಯ ಮೊಬೈಲ್ ರಿಪೇರಿ ಅಂಗಡಿಯಲ್ಲಾದರೂ ಕೇಳಿಬರುವ ಮಾತಿದು. ಮೊದಲಿನದು ದೂರು, ಎರಡನೆಯದು ತೀರ್ಪು. ದೂರು ನಿಜವೇ ಇರುತ್ತದೆ, ತೀರ್ಪು ಮಾತ್ರ ಬಹಳ ಸಲ ತಪ್ಪಿರುತ್ತದೆ. ಬ್ಯಾಟರಿ ಬದಲಿಸಿದ ಮೇಲೂ ಚಾರ್ಜ್ ನಿಲ್ಲದಿದ್ದರೆ ದುಡ್ಡು ಹೋಗುವುದಷ್ಟೇ ಅಲ್ಲ, ಕಂಪನಿಯಲ್ಲಿ ಹಾಕಿದ ಅಂಟು ಬಿಚ್ಚಿಹೋಗಿ ಫೋನು ನೀರು, ಧೂಳು ತಡೆಯುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಆದ್ದರಿಂದ ಬಿಚ್ಚುವ ಮೊದಲು ಪರೀಕ್ಷೆ ಆಗಲೇಬೇಕು. ಪರೀಕ್ಷೆಗೆ ಬೇಕಾಗುವುದು ಒಂದು ಚೀಟಿ, ಒಂದು ಪೆನ್ನು, ಎರಡರಿಂದ ನಾಲ್ಕು ರಾತ್ರಿ.

ಕೆರೆ ಬೇಗ ಬತ್ತುತ್ತಿದ್ದರೆ ತೂಬು ಸೋರುತ್ತಿರಬೇಕು, ಇಲ್ಲವೇ ಒಳಹರಿವು ಕಡಿಮೆ ಇರಬೇಕು, ಎರಡೂ ಅಲ್ಲವಾದರೆ ಹೂಳು ತುಂಬಿ ಕೆರೆಯೇ ಸಣ್ಣದಾಗಿರಬೇಕು. ಬ್ಯಾಟರಿಯದ್ದೂ ಇದೇ ಲೆಕ್ಕ. ಬ್ಯಾಟರಿ ಚೆನ್ನಾಗಿದ್ದು ಫೋನೇ ಹೆಚ್ಚು ಉಣ್ಣುತ್ತಿದ್ದರೆ ಅದು ಸೋರಿಕೆ. ಚಾರ್ಜರ್, ಕೇಬಲ್, ಪೋರ್ಟ್ ಸರಿಯಿಲ್ಲದೆ ಚಾರ್ಜ್ ಪೂರ್ತಿ ಒಳಗೆ ಹೋಗದಿದ್ದರೆ ಅದು ತುಂಬದಿರುವ ದೋಷ. ಬ್ಯಾಟರಿ ಹಳತಾಗಿ ಅದರ ಸಾಮರ್ಥ್ಯವೇ ಇಳಿದಿದ್ದರೆ ಅದು ಕುಗ್ಗಿದ ದೋಷ. ಹೊಸ ಬ್ಯಾಟರಿ ಗುಣಪಡಿಸುವುದು ಮೂರನೆಯದನ್ನು ಮಾತ್ರ.

ಉಬ್ಬಿದ್ದರೆ ಪರೀಕ್ಷೆ ಬೇಡ

ಹಿಂಬದಿಯ ಮುಚ್ಚಳ ಒಂದು ಅಂಚಿನಲ್ಲಿ ಎದ್ದಿದೆಯೇ, ಸ್ಕ್ರೀನಿನ ಪಕ್ಕ ಬೆಳಕು ಕಾಣುವಷ್ಟು ಸಂದು ಬಿಟ್ಟಿದೆಯೇ, ಸಮತಟ್ಟಾದ ಕಡಪಾ ಕಲ್ಲಿನ ಮೇಲೆ ಅಂಗಾತ ಇಟ್ಟರೆ ಫೋನು ಅಲುಗಾಡುತ್ತದೆಯೇ, ಮೊದಲು ನೋಡಿ. ಇವುಗಳಲ್ಲಿ ಒಂದಿದ್ದರೂ ಬ್ಯಾಟರಿಯೊಳಗೆ ಗ್ಯಾಸ್ ಕಟ್ಟಿದೆ ಎಂದೇ ತಿಳಿಯಿರಿ. ಅದನ್ನು ಚಾರ್ಜಿಗೆ ಹಾಕಬೇಡಿ, ಮುಚ್ಚಳ ಒತ್ತಿ ಕೂಡಿಸಬೇಡಿ, ಕಿಸೆಯಲ್ಲಿ ಇಟ್ಟುಕೊಳ್ಳಬೇಡಿ. ಸ್ವಿಚ್ ಆಫ್ ಮಾಡಿ, ಬಟ್ಟೆ-ಕಾಗದ ಹತ್ತಿರವಿಲ್ಲದ ಕಡೆ ಕಲ್ಲಿನ ಅಥವಾ ಸಿಮೆಂಟಿನ ಮೇಲೆ ಇಟ್ಟು, ಆದಷ್ಟು ಬೇಗ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಉಬ್ಬಿದ ಬ್ಯಾಟರಿಗೆ ಸೂಜಿ ಚುಚ್ಚಿ ಗಾಳಿ ಬಿಡುವ ವಿಡಿಯೋಗಳು ಓಡಾಡುತ್ತಿವೆ. ಹಾಗೆ ಎಂದಿಗೂ ಮಾಡಬೇಡಿ, ಒಳಗಿನ ಪದರಗಳು ಒಂದಕ್ಕೊಂದು ತಾಗಿದ ಕ್ಷಣ ಬೆಂಕಿ ಹತ್ತುತ್ತದೆ. ಹಳೆಯ ಬ್ಯಾಟರಿಯನ್ನು ತಿಪ್ಪೆಗೆ ಎಸೆಯುವಂತೆಯೂ ಇಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಮರಳಿ ಪಡೆಯುವ ಹೊಣೆ ತಯಾರಕರದು, ಸರ್ವಿಸ್ ಸೆಂಟರಿನಲ್ಲೇ ಕೊಟ್ಟು ಬನ್ನಿ.

ಲಕ್ಷಣ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ

ಯಾವಾಗ, ಎಲ್ಲಿ, ಹೇಗೆ ಇಳಿಯುತ್ತದೆ ಎನ್ನುವುದನ್ನು ಸರಿಯಾಗಿ ಹೇಳಿದರೆ ಹುಡುಕಾಟ ಚಿಕ್ಕದಾಗುತ್ತದೆ. 100ರಿಂದ ನಿಧಾನವಾಗಿ ಇಳಿದು 30 ಅಥವಾ 20ಕ್ಕೆ ಬಂದಾಗ ಫೋನು ತಟ್ಟನೆ ಆಫ್ ಆಗಿ, ಚಾರ್ಜರ್ ಹಚ್ಚಿದ ಕೂಡಲೇ ಮತ್ತೆ 15-20 ತೋರಿಸಿದರೆ ಅದು ಕುಗ್ಗಿದ ಬ್ಯಾಟರಿ. ಊರಲ್ಲಿ ಚೆನ್ನಾಗಿದ್ದು ಹೊಲಕ್ಕೆ ಹೋದ ದಿನ ಮಾತ್ರ ಇಳಿದರೆ ಸಿಗ್ನಲ್ ಇಲ್ಲವೇ ಬಿಸಿಲು. ಕಿಸೆಯಲ್ಲಿ ಸುಮ್ಮನಿದ್ದರೂ ಬೆಚ್ಚಗಿದ್ದರೆ ಒಳಗೆ ಯಾವುದೋ ಆ್ಯಪ್ ಎಚ್ಚರವಾಗಿದೆ. ರಾತ್ರಿಯಿಡೀ ಚಾರ್ಜಿಗಿಟ್ಟರೂ ಬೆಳಿಗ್ಗೆ 70 ದಾಟದಿದ್ದರೆ ಚಾರ್ಜರ್ ಕಡೆ ನೋಡಬೇಕು. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮರುದಿನದಿಂದ ಶುರುವಾಗಿದ್ದರೆ ಎರಡು-ಮೂರು ದಿನ ಕಾಯಿರಿ. ಅಪ್‌ಡೇಟ್ ಆದ ಮೇಲೆ ಫೋನು ಆ್ಯಪ್‌ಗಳನ್ನೂ ಫೋಟೋಗಳನ್ನೂ ಹಿನ್ನೆಲೆಯಲ್ಲಿ ಮತ್ತೆ ಜೋಡಿಸಿಕೊಳ್ಳುತ್ತಿರುತ್ತದೆ, ಅದು ಮುಗಿದರೆ ಸರಿಹೋಗುತ್ತದೆ. ಸ್ವಿಚ್ ಆಫ್ ಮಾಡಿಟ್ಟರೂ ಇಳಿದರೆ ಬೋರ್ಡಿನ ದೋಷ. ಅದು ಅಪರೂಪ.

ರಾತ್ರಿ ಪರೀಕ್ಷೆ

ಇಲ್ಲಿ ಅವಸರ ಮಾಡಬಾರದು. ಎಲ್ಲ ರಾತ್ರಿಯೂ ಫೋನನ್ನು ಒಂದೇ ಜಾಗದಲ್ಲಿಡಿ, 80ರ ಆಸುಪಾಸು ಚಾರ್ಜ್ ಇರಲಿ, ಚಾರ್ಜರಿನಿಂದ ತೆಗೆದು ಅರ್ಧ ಗಂಟೆಯಾದ ಮೇಲೆ ಶೇಕಡಾ ಎಷ್ಟಿದೆ ಬರೆದಿಡಿ, 8 ಗಂಟೆ ಮುಟ್ಟಬೇಡಿ.

1. ಮೊದಲ ರಾತ್ರಿ ಎಂದಿನಂತೆ: ಎರಡೂ ಸಿಮ್, ಮೊಬೈಲ್ ಡೇಟಾ ಚಾಲೂ. ಒಳ್ಳೆಯ ಸಿಗ್ನಲ್ ಇರುವ ಕಡೆ 5000 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಬ್ಯಾಟರಿಯ ಫೋನು 8 ಗಂಟೆಯಲ್ಲಿ ಶೇಕಡಾದ 4ರಿಂದ 8 ಅಂಕ ಇಳಿದರೆ ಸಹಜ.

2. ಎರಡನೆಯ ರಾತ್ರಿ ಫ್ಲೈಟ್ ಮೋಡ್: ವೈಫೈ, ಬ್ಲೂಟೂತ್ ಕೂಡ ಬಂದ್. 1ರಿಂದ 3 ಅಂಕ ಇಳಿದರೆ ಸಾಕು. ಮೊದಲ ರಾತ್ರಿ 20 ಇಳಿದು ಎರಡನೆಯ ರಾತ್ರಿ 2 ಮಾತ್ರ ಇಳಿದಿದ್ದರೆ ತಪ್ಪು ಸಿಗ್ನಲ್ಲಿನದು, ಇಲ್ಲವೇ ಇಂಟರ್‌ನೆಟ್ ಬಳಸುವ ಆ್ಯಪಿನದು.

3. ಎರಡನೆಯ ರಾತ್ರಿಯೂ 8-10 ಇಳಿದಿದ್ದರೆ ಮೂರನೆಯ ರಾತ್ರಿ ಸೇಫ್ ಮೋಡ್, ಫ್ಲೈಟ್ ಮೋಡ್ ಎರಡೂ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಮೆನುವಿನ ಪವರ್ ಆಫ್ ಗುಂಡಿಯನ್ನು ಒತ್ತಿ ಹಿಡಿದರೆ ಸೇಫ್ ಮೋಡ್ ಕೇಳುತ್ತದೆ. ಅದರಲ್ಲಿ ನೀವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ. ಈಗ ಇಳಿಯುವುದು ನಿಂತರೆ ಯಾವುದೋ ಆ್ಯಪ್ ತಪ್ಪಿತಸ್ಥ.

4. ಸೇಫ್ ಮೋಡಿನಲ್ಲೂ ಇಳಿದರೆ ಪೂರ್ತಿ ಸ್ವಿಚ್ ಆಫ್ ಮಾಡಿ ಒಂದು ರಾತ್ರಿ ಇಡಿ. ಆಗ 1ಕ್ಕಿಂತ ಹೆಚ್ಚು ಇಳಿಯಬಾರದು.

ಈ ಅಂಕಿಗಳನ್ನು ಕರೆಂಟಿನ ಲೆಕ್ಕಕ್ಕೂ ತರಬಹುದು. 5000 ಎಂಎಎಚ್ ಬ್ಯಾಟರಿಯಲ್ಲಿ ಒಂದು ಅಂಕ ಎಂದರೆ 50 ಎಂಎಎಚ್. 8 ಗಂಟೆಯಲ್ಲಿ 5 ಅಂಕ ಇಳಿದರೆ ಸರಾಸರಿ 31 ಮಿಲಿಆಂಪಿಯರ್ ಹರಿದಿದೆ. ಈ ಚೀಟಿಯನ್ನು ಎಸೆಯಬೇಡಿ, ಮುಂದೆ ರಿಪೇರಿಗೆ ಕೊಡುವಾಗ ಇದೇ ನಿಮ್ಮ ಸಾಕ್ಷಿ.

ಸಿಗ್ನಲ್: ನಮ್ಮ ಕಡೆ ಮೊದಲ ಸಂಶಯ ಇದರ ಮೇಲೆ

ಟವರ್ ಹತ್ತಿರವಿದ್ದಾಗ ಫೋನು ಮೆಲ್ಲಗೆ ಮಾತಾಡುತ್ತದೆ, ದೂರವಾದಷ್ಟೂ ಗಟ್ಟಿಯಾಗಿ ಕೂಗುತ್ತದೆ. 4ಜಿ ಫೋನು ಹೊರಸೂಸುವ ಗರಿಷ್ಠ ಶಕ್ತಿ ಸುಮಾರು 200 ಮಿಲಿವ್ಯಾಟ್. ಅಷ್ಟು ಹೊರಗೆ ಬರಲು ಒಳಗೆ ಬ್ಯಾಟರಿಯಿಂದ ಅದರ ಹಲವು ಪಟ್ಟು ಹೋಗುತ್ತದೆ. ಸಿಗ್ನಲ್ ಚೆನ್ನಾಗಿದ್ದರೆ ಇದರ ಸಣ್ಣದೊಂದು ಪಾಲಿನಲ್ಲೇ ಕೆಲಸ ಆಗುತ್ತದೆ. ಸ್ಕ್ರೀನ್ ಆಫ್ ಇದ್ದರೂ ಈ ಖರ್ಚು ನಡೆದೇ ಇರುವುದರಿಂದ ಜನರ ಲಕ್ಷ್ಯಕ್ಕೆ ಬರುವುದಿಲ್ಲ.

ಮೇಲಿನ ಕಡ್ಡಿಗಳನ್ನು ನಂಬಬೇಡಿ, ಅಂಕಿ ನೋಡಿ. ಸೆಟ್ಟಿಂಗ್ಸ್, ಅಬೌಟ್ ಫೋನ್, ಸ್ಟೇಟಸ್, ಸಿಮ್ ಸ್ಟೇಟಸ್ ಎಂದು ಹೋದರೆ ಸಿಗ್ನಲ್ ಸ್ಟ್ರೆಂತ್ ಎಂಬ ಸಾಲಿನಲ್ಲಿ ಮೈನಸ್ ಚಿಹ್ನೆಯ ಜೊತೆ ಡಿಬಿಎಂ (ಸಿಗ್ನಲ್ಲಿನ ಬಲದ ಅಳತೆ) ಅಂಕಿ ಇರುತ್ತದೆ. 4ಜಿಯಲ್ಲಿ ಮೈನಸ್ 90 ಅಥವಾ ಅದಕ್ಕಿಂತ ಚಿಕ್ಕ ಅಂಕಿ (85, 80) ಚಲೋ. 90ರಿಂದ 105 ನಡೆಯುತ್ತದೆ. 110 ದಾಟಿತೆಂದರೆ ಬ್ಯಾಟರಿ ಸೋರುತ್ತಿದೆ ಎಂದು ಬರೆದಿಟ್ಟುಕೊಳ್ಳಿ. ಮನೆಯ ಒಳಕೋಣೆ, ಪಡಸಾಲೆ, ಅಂಗಳ, ಮಾಳಿಗೆಯ ಮೇಲೆ ಹೀಗೆ ನಾಲ್ಕು ಕಡೆ ನಿಂತು ನೋಡಿದರೆ ಒಂದೇ ಮನೆಯಲ್ಲಿ 20 ಅಂಕಿಯ ವ್ಯತ್ಯಾಸ ಕಾಣಬಹುದು. ಬಾಗಲಕೋಟೆ, ಬಾದಾಮಿ, ಗುಳೇದಗುಡ್ಡದ ಕಡೆಯ ಹಳೆಯ ಕಲ್ಲಿನ ಮನೆಗಳ ದಪ್ಪ ಗೋಡೆ ತಂಪಿಗೆ ಎಷ್ಟು ಒಳ್ಳೆಯದೋ ಸಿಗ್ನಲ್ಲಿಗೆ ಅಷ್ಟೇ ಅಡ್ಡಿ. ರಾತ್ರಿ ಫೋನಿಡುವ ಜಾಗವನ್ನು ಒಳಗೂಡಿನಿಂದ ಕಿಟಕಿಯ ಹತ್ತಿರಕ್ಕೆ ಬದಲಿಸಿದರೂ ಬೆಳಗಿನ ಅಂಕ ಏರುತ್ತದೆ. ಮನೆಯಲ್ಲಿ ವೈಫೈ ಇದ್ದರೆ ವೈಫೈ ಕಾಲಿಂಗ್ ಚಾಲೂ ಮಾಡಿ, ಆಗ ಕರೆಯೂ ವೈಫೈ ಮೇಲೆಯೇ ಹೋಗುತ್ತದೆ.

ಎರಡನೆಯ ಸಿಮ್ ಬಗ್ಗೆ ಒತ್ತಿ ಹೇಳಬೇಕು. ರೀಚಾರ್ಜ್ ಮಾಡಿಸದೆ ಬಿಟ್ಟ, ಊರಲ್ಲಿ ಟವರೇ ಇಲ್ಲದ ಕಂಪನಿಯ ಸಿಮ್ ಒಂದು ಎರಡನೆಯ ಗೂಡಿನಲ್ಲಿ ಕುಳಿತಿರುತ್ತದೆ. ಅದು ದಿನವಿಡೀ ನೆಟ್‌ವರ್ಕ್ ಹುಡುಕುತ್ತಲೇ ಇರುತ್ತದೆ. ಸೆಟ್ಟಿಂಗ್ಸ್‌ನ ಸಿಮ್ ಪುಟದಲ್ಲಿ ಅದನ್ನು ಬಂದ್ ಮಾಡಿ, ತೆಗೆದಿಡುವ ಅಗತ್ಯವಿಲ್ಲ. ಆದರೆ ಬ್ಯಾಂಕಿನ ಒಟಿಪಿ ಆ ನಂಬರಿಗೆ ಬರುವುದಿದ್ದರೆ ನೆನಪಿರಲಿ, ಬೇಕಾದಾಗ ಚಾಲೂ ಮಾಡಿಕೊಳ್ಳಬೇಕು.

5ಜಿ ಪಟ್ಟಣದ ಅರ್ಧ ಭಾಗದಲ್ಲಿದ್ದು ಹಳ್ಳಿಯ ದಾರಿಯಲ್ಲಿ ಹೋಗಿ ಬಂದು ಮಾಡುವ ಕಡೆ, ಫೋನು 5ಜಿಗೂ 4ಜಿಗೂ ನಡುವೆ ಜಿಗಿಯುತ್ತಾ ಚಾರ್ಜ್ ಕಳೆಯುತ್ತದೆ. ಮೊಬೈಲ್ ನೆಟ್‌ವರ್ಕ್, ಪ್ರಿಫರ್ಡ್ ನೆಟ್‌ವರ್ಕ್ ಟೈಪ್ ಎಂಬಲ್ಲಿ ಎಲ್‌ಟಿಇ ಅಥವಾ 4ಜಿ ಆರಿಸಿದರೆ ಜಿಗಿತ ನಿಲ್ಲುತ್ತದೆ. ಹಾಗೆಂದು 2ಜಿಗೆ ಇಳಿಸಬೇಡಿ. ಜಿಯೋಗೆ 2ಜಿ ಜಾಲವೇ ಇಲ್ಲ, ಕರೆಯೂ ಬರುವುದಿಲ್ಲ.

ಗಡಿಯ ಊರುಗಳ ತೊಂದರೆ ಬೇರೆ. ನಿಪ್ಪಾಣಿ, ಅಥಣಿ, ಚಡಚಣ, ಭೀಮಾ ದಂಡೆಯ ಹಳ್ಳಿಗಳು, ಗೋವಾ ಕಡೆಗೆ ಹೋದರೆ ಕಣಕುಂಬಿ, ಚೋರ್ಲಾ ಘಾಟು: ಇಲ್ಲೆಲ್ಲ ಕರ್ನಾಟಕದ ಟವರೂ ಮಹಾರಾಷ್ಟ್ರ-ಗೋವಾ ವಲಯದ ಟವರೂ ಒಟ್ಟಿಗೆ ಸಿಗುತ್ತವೆ. ಫೋನು ಆಚೆಯ ಟವರಿಗೆ ಹೊಂದಿಕೊಂಡರೂ ಆಗಾಗ ತನ್ನ ವಲಯದ ಟವರನ್ನು ಹುಡುಕುತ್ತದೆ, ಸಿಕ್ಕರೆ ಹಾರುತ್ತದೆ, ಮತ್ತೆ ಬಿಡುತ್ತದೆ. ಅಲ್ಲೇ ಮನೆಯಿದ್ದರೆ ನೆಟ್‌ವರ್ಕ್ ಆಪರೇಟರ್ ಪುಟದಲ್ಲಿ ಆಟೋಮ್ಯಾಟಿಕ್ ತೆಗೆದು, ಮನೆಯಲ್ಲಿ ಡಿಬಿಎಂ ಚೆನ್ನಾಗಿರುವ ಜಾಲವನ್ನು ಕೈಯಿಂದ ಆರಿಸಿ ನೋಡಿ. ಊರು ಬಿಟ್ಟು ಹೊರಟಾಗ ಮತ್ತೆ ಆಟೋಮ್ಯಾಟಿಕ್ ಮಾಡದಿದ್ದರೆ ದಾರಿಯಲ್ಲಿ ಸಿಗ್ನಲ್ಲೇ ಇರುವುದಿಲ್ಲ, ಇದನ್ನು ಮರೆಯುವವರೇ ಹೆಚ್ಚು. ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನೊಳಗೆ ಹೋಗುವ ದಿನ, ಕರೆ ಬರುವ ಆಸೆಯೇ ಇಲ್ಲದ ಕಡೆ, ಫ್ಲೈಟ್ ಮೋಡ್ ಹಾಕುವುದೊಂದೇ ಸರಿಯಾದ ದಾರಿ. ಜಿಪಿಎಸ್ ಮತ್ತು ಕ್ಯಾಮೆರಾ ಫ್ಲೈಟ್ ಮೋಡಿನಲ್ಲೂ ನಡೆಯುತ್ತವೆ.

ಹೊಲದಲ್ಲಿ ನಿಂತು ಕೆಲಸ ಮಾಡುವವರಿಗೆ ಸಿಗ್ನಲ್, ಜಿಪಿಎಸ್, ಬಿಸಿಲು ಮೂರೂ ಒಮ್ಮೆಲೇ ಬಡಿಯುತ್ತವೆ. ಉದ್ಯೋಗ ಖಾತ್ರಿ ಕಾಮಗಾರಿಯ ಮೇಟ್‌ಗಳು ಹಾಜರಿಯ ಫೋಟೋ ಹಾಕುವ ಆ್ಯಪ್, ಬೆಳೆ ಸಮೀಕ್ಷೆ ಆ್ಯಪ್, ಸರ್ವೆ ನಂಬರ್ ನೋಡುವ ದಿಶಾಂಕ್, ಎಲ್ಲಕ್ಕೂ ಜಿಪಿಎಸ್ ಬೇಕು. ಫೋಟೋ ಹೋಗುವವರೆಗೆ ಮತ್ತೆ ಮತ್ತೆ ಅಪ್‌ಲೋಡ್ ಒತ್ತುವುದೇ ಬ್ಯಾಟರಿಯ ದೊಡ್ಡ ಖರ್ಚು. ಫೋಟೋ ತೆಗೆದು, ಡಿಬಿಎಂ 100ರೊಳಗೆ ಬರುವ ದಿಬ್ಬಕ್ಕೋ ರಸ್ತೆಗೋ ಬಂದು ಕಳಿಸಿ. ಆ್ಯಪ್ ಮುಚ್ಚಿದ ಮೇಲೆ ಮೇಲಿನ ಪಟ್ಟಿಯಲ್ಲಿ ಲೊಕೇಶನ್ ಚಿಹ್ನೆ ಹೋಗಿದೆಯೇ ನೋಡಿ.

ಬಿಸಿ

ಫೋನಿಗೆ ಹೊಂದುವ ಹೊರಗಿನ ಉಷ್ಣತೆ 35 ಡಿಗ್ರಿಯವರೆಗೆ ಎಂದು ಆ್ಯಪಲ್ ಹೇಳುತ್ತದೆ, ಬೇರೆ ಕಂಪನಿಗಳದ್ದೂ ಹೆಚ್ಚುಕಡಿಮೆ ಅದೇ. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರ, ಇಂಡಿ, ಸಿಂದಗಿ, ಹುನಗುಂದದಲ್ಲಿ ನೆರಳಿನಲ್ಲೇ 40 ದಾಟುತ್ತದೆ. ಬೈಕಿನ ಹ್ಯಾಂಡಲ್ ಸ್ಟ್ಯಾಂಡಿನಲ್ಲಿ, ಟ್ರ್ಯಾಕ್ಟರಿನ ಮುಂದುಗಡೆ, ಕಾರಿನ ಗಾಜಿನ ಕೆಳಗೆ ಇಟ್ಟ ಫೋನು ಅದಕ್ಕಿಂತ ಬಹಳ ಬಿಸಿಯಾಗುತ್ತದೆ. ಬಿಸಿಲಿನಲ್ಲಿ ಸ್ಕ್ರೀನು ಕಾಣಲೆಂದು ಬ್ರೈಟ್‌ನೆಸ್ ತಾನಾಗಿ ಗರಿಷ್ಠಕ್ಕೆ ಏರುತ್ತದೆ, ಅದರಿಂದ ಇನ್ನಷ್ಟು ಬಿಸಿ.

ಬಿಸಿಯ ಹಾನಿ ಎರಡು ಬಗೆ. ಅಂದಿನ ಚಾರ್ಜ್ ಬೇಗ ಹೋಗುವುದು ಕಣ್ಣಿಗೆ ಕಾಣುತ್ತದೆ. ಬ್ಯಾಟರಿಯೊಳಗಿನ ರಾಸಾಯನಿಕ ಕೆಟ್ಟು ಸಾಮರ್ಥ್ಯ ಶಾಶ್ವತವಾಗಿ ಇಳಿಯುವುದು ಕಾಣುವುದಿಲ್ಲ, ಆದರೆ ಅದೇ ದೊಡ್ಡ ಹಾನಿ. 100ಕ್ಕೆ ತುಂಬಿದ ಬ್ಯಾಟರಿ ಬಿಸಿಯಲ್ಲಿ ಕುಳಿತರೆ ಅತಿ ಬೇಗ ಮುಪ್ಪಾಗುತ್ತದೆ. ರಾತ್ರಿಯೂ ಕಾಯ್ದಿರುವ ಪತ್ರಾಸಿನ ಶೆಡ್ಡಿನಲ್ಲಿ, ತಲೆದಿಂಬಿನ ಕೆಳಗೆ, ದಪ್ಪ ರಬ್ಬರ್ ಕವರ್ ಹಾಕಿ, ಬೆಳಗಿನವರೆಗೆ ಚಾರ್ಜಿಗಿಡುವುದು ಈ ಭಾಗದಲ್ಲಿ ಬ್ಯಾಟರಿಗೆ ಮಾಡುವ ಅತಿ ಕೆಟ್ಟ ಕೆಲಸ. ಬೇಸಿಗೆಯಲ್ಲಿ ನಸುಕಿನ ತಂಪಿನಲ್ಲಿ, ಕವರ್ ತೆಗೆದು, ನೆಲದ ಕಲ್ಲಿನ ಮೇಲಿಟ್ಟು ಚಾರ್ಜ್ ಮಾಡಿ. ಮೇಲ್ಮುದ್ದಿಯ ಮಾಳಿಗೆ ಮನೆ ಇದ್ದರೆ ಒಳಕೋಣೆ ಇದಕ್ಕೆ ಹೇಳಿಮಾಡಿಸಿದ ಜಾಗ. ಫೋನಿನಲ್ಲಿ 80ಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯ ಇದ್ದರೆ ಕನಿಷ್ಠ ಬೇಸಿಗೆಯಲ್ಲಾದರೂ ಚಾಲೂ ಇರಲಿ.

ಬ್ಯಾಟರಿಯ ಉಷ್ಣತೆ 45 ಡಿಗ್ರಿ ಸಮೀಪಿಸಿದರೆ ಬಹಳಷ್ಟು ಫೋನುಗಳು ಚಾರ್ಜ್ ನಿಧಾನಿಸುತ್ತವೆ, ಇಲ್ಲವೇ ನಿಲ್ಲಿಸುತ್ತವೆ. ಇದನ್ನೇ ಚಾರ್ಜರ್ ಕೆಟ್ಟಿದೆ ಎಂದುಕೊಂಡು ಹೊಸ ಚಾರ್ಜರ್ ತರುವವರಿದ್ದಾರೆ. ಮಧ್ಯಾಹ್ನ ಏರದ ಚಾರ್ಜ್ ನಸುಕಿನಲ್ಲಿ ಸರಿಯಾಗಿ ಏರಿದರೆ ಚಾರ್ಜರ್ ಚೆನ್ನಾಗಿದೆ. ಕಾಯ್ದ ಫೋನನ್ನು ಫ್ರಿಜ್ಜಿನಲ್ಲಿಡಬೇಡಿ, ಒದ್ದೆ ಅರಿವೆ ಸುತ್ತಬೇಡಿ. ಹಠಾತ್ ತಂಪಿಗೆ ಒಳಗೆ ಹನಿಗಟ್ಟಿ ಬೋರ್ಡಿಗೆ ತುಕ್ಕು ಹಿಡಿಯುತ್ತದೆ. ಕವರ್ ತೆಗೆದು ಫ್ಯಾನಿನ ಗಾಳಿಗೆ ಇಟ್ಟರೆ ಸಾಕು.

ಆ್ಯಪ್‌ಗಳು

ಸೆಟ್ಟಿಂಗ್ಸ್‌ನ ಬ್ಯಾಟರಿ ಯೂಸೇಜ್ ಪುಟದಲ್ಲಿ ಬರೀ ಶೇಕಡಾ ನೋಡಿದರೆ ದಾರಿ ತಪ್ಪುತ್ತೀರಿ. ಎರಡು ಗಂಟೆ ಯೂಟ್ಯೂಬ್ ನೋಡಿದ್ದರೆ ಅದು ಪಟ್ಟಿಯ ಮೇಲಿರುವುದು ನ್ಯಾಯವೇ. ನೋಡಬೇಕಾದದ್ದು ಬ್ಯಾಕ್‌ಗ್ರೌಂಡ್ ಸಮಯ: ನೀವು 5 ನಿಮಿಷ ತೆರೆದ ಆ್ಯಪ್ ಹಿನ್ನೆಲೆಯಲ್ಲಿ 4 ಗಂಟೆ ಓಡಿದ್ದರೆ ಅದನ್ನು ಹಿಡಿಯಿರಿ. ಆ ಆ್ಯಪಿನ ಪುಟಕ್ಕೆ ಹೋಗಿ ಬ್ಯಾಟರಿ ಎಂಬಲ್ಲಿ ರಿಸ್ಟ್ರಿಕ್ಟೆಡ್ ಆರಿಸಿ. ಲೊಕೇಶನ್ ಅನುಮತಿ ಸದಾಕಾಲ ಎಂದಿದ್ದರೆ ಆ್ಯಪ್ ಬಳಸುವಾಗ ಮಾತ್ರ ಎಂದು ಬದಲಿಸಿ. ನ್ಯೂಸ್ ಆ್ಯಪ್, ಕ್ರಿಕೆಟ್ ಸ್ಕೋರ್, ಚಲಿಸುವ ವಾಲ್‌ಪೇಪರ್, ಸಾಲದ ಆ್ಯಪ್ ಇವು ಸಾಮಾನ್ಯ ಆರೋಪಿಗಳು. ಫೋನ್ ಕ್ಲೀನರ್, ಬ್ಯಾಟರಿ ಸೇವರ್ ಎಂಬ ಹೆಸರಿನ ಹೊರಗಿನ ಆ್ಯಪ್‌ಗಳನ್ನು ತೆಗೆದೇ ಹಾಕಿ, ಉಳಿಸುತ್ತೇವೆ ಎಂದು ಬಂದು ಅವೇ ಹಿನ್ನೆಲೆಯಲ್ಲಿ ಓಡುತ್ತವೆ. ಆಂಡ್ರಾಯ್ಡ್ 6ರಿಂದ, ಅಂದರೆ 2015ರಿಂದ, ಸುಮ್ಮನಿದ್ದ ಫೋನನ್ನು ಗಾಢ ನಿದ್ರೆಗೆ ಕಳಿಸುವ ವ್ಯವಸ್ಥೆ ಫೋನಿನಲ್ಲೇ ಇದೆ.

ನಿರ್ಬಂಧ ಹಾಕುವಾಗ ವಿವೇಕ ಬೇಕು. ಅಲಾರಂ, ವಾಟ್ಸ್‌ಆ್ಯಪ್, ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರಿನ ಆ್ಯಪ್ ಇವನ್ನು ಬಿಟ್ಟುಬಿಡಿ. ತ್ರೀಫೇಸ್ ಬಂದ ಸುದ್ದಿ ತಡವಾಗಿ ಬಂದರೆ ನೀರಿನ ಪಾಳಿಯೇ ತಪ್ಪುತ್ತದೆ. ಇನ್ನೊಂದು ತಪ್ಪು ಅಭ್ಯಾಸ, ಐದೈದು ನಿಮಿಷಕ್ಕೆ ಎಲ್ಲ ಆ್ಯಪ್‌ಗಳನ್ನು ಮೇಲಕ್ಕೆ ಸರಿಸಿ ಮುಚ್ಚುವುದು. ಮೆಮೊರಿಯಲ್ಲಿ ಸುಮ್ಮನಿದ್ದ ಆ್ಯಪ್ ಬ್ಯಾಟರಿ ತಿನ್ನುವುದಿಲ್ಲ, ಮುಚ್ಚಿದ್ದನ್ನು ಮೊದಲಿನಿಂದ ತೆರೆಯುವುದಕ್ಕೇ ಹೆಚ್ಚು ಬೇಕು.

ವಾಟ್ಸ್‌ಆ್ಯಪಿನಲ್ಲಿ ಮದುವೆ ಕಾರ್ಡ್ ಎಂದೋ, ಪಿಎಂ ಕಿಸಾನ್ ಎಂದೋ ಬಂದ ಎಪಿಕೆ ಫೈಲ್ (ಆ್ಯಪ್ ಹಾಕುವ ಫೈಲು) ಒತ್ತಿದ ಮೇಲೆ ಫೋನು ಕಾಯತೊಡಗಿದ್ದರೆ ಅದು ಬ್ಯಾಟರಿಯ ವಿಷಯವಲ್ಲ, ದುಡ್ಡಿನ ವಿಷಯ. ತಕ್ಷಣ ಫ್ಲೈಟ್ ಮೋಡ್ ಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಲ್ಲ ಮುಗಿದ ಮೇಲೆ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸಿ.

ಸ್ಕ್ರೀನಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರಿಫ್ರೆಶ್ ರೇಟ್ 120ರಿಂದ 60ಕ್ಕೆ ಇಳಿಸಿ, ಸ್ಕ್ರೀನ್ ಟೈಮ್‌ಔಟ್ 30 ಸೆಕೆಂಡ್ ಇಡಿ. ಕಪ್ಪು ಥೀಮಿನಿಂದ ಉಳಿತಾಯ ಆಗುವುದು ಅಮೋಲೆಡ್ ಸ್ಕ್ರೀನಿನಲ್ಲಿ, ಅದರಲ್ಲಿ ಕಪ್ಪು ಚುಕ್ಕೆ ಎಂದರೆ ಆರಿದ ಚುಕ್ಕೆ. ಎಲ್‌ಸಿಡಿಯಲ್ಲಿ ಹಿಂದಿನ ದೀಪ ಉರಿಯುತ್ತಲೇ ಇರುವುದರಿಂದ ಲಾಭವಿಲ್ಲ.

ತುಂಬದಿರುವ ದೋಷ

20ರಿಂದ ಶುರುಮಾಡಿ, ಸ್ಕ್ರೀನ್ ಆಫ್ ಇಟ್ಟು, ತಂಪಾದ ಜಾಗದಲ್ಲಿ ಸರಿಯಾಗಿ 30 ನಿಮಿಷ ಚಾರ್ಜ್ ಮಾಡಿ. 5000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಗಂಟೆ ಶಕ್ತಿ ಹಿಡಿಯುತ್ತದೆ. 10 ವ್ಯಾಟ್ ಚಾರ್ಜರ್ ಅರ್ಧ ಗಂಟೆಯಲ್ಲಿ 20-22 ಅಂಕ ಏರಿಸಬೇಕು, ಫೋನು ಒಪ್ಪುವ 18 ವ್ಯಾಟಿನದು 35-40. ಏರಿದ್ದು 8ಕ್ಕಿಂತ ಕಡಿಮೆ ಇದ್ದರೆ ದೋಷ ಈ ಕಡೆಯೇ.

ಮೊದಲು ಪೋರ್ಟ್ ನೋಡಿ. ರಬಕವಿ-ಬನಹಟ್ಟಿ, ಇಳಕಲ್, ಗುಳೇದಗುಡ್ಡದ ಮಗ್ಗದ ಮನೆಗಳಲ್ಲಿ ಹಾರುವ ನೂಲಿನ ಧೂಳು, ಎರೆಹೊಲದ ಕರಿಮಣ್ಣು, ಕಿಸೆಯ ಅರಿವೆಯ ಎಳೆ, ಎಲ್ಲ ಸೇರಿ ಪೋರ್ಟಿನ ತಳದಲ್ಲಿ ಗಟ್ಟಿ ಪದರವಾಗುತ್ತದೆ. ಪ್ರತಿ ಸಲ ಪ್ಲಗ್ ಹಾಕಿದಾಗ ಅದು ಇನ್ನಷ್ಟು ಒತ್ತಿ ಕೂಡುತ್ತದೆ. ಟೈಪ್-ಸಿ ಪ್ಲಗ್ ಟಕ್ ಎಂದು ಕೂಡಬೇಕು, ಹೊರಗೆ ಲೋಹ ಕಾಣಬಾರದು. ಒಂದು ಮಿಲಿಮೀಟರ್ ಸಂದು ಉಳಿದರೂ ಒಳಗೆ ಕಸ ಇದೆ. ಫೋನ್ ಸ್ವಿಚ್ ಆಫ್ ಮಾಡಿ, ಟಾರ್ಚ್ ಹಿಡಿದು, ಕಟ್ಟಿಗೆಯ ತೆಳ್ಳನೆ ಹಲ್ಲುಕಡ್ಡಿಯಿಂದ ಮೂಲೆಯಿಂದ ಹೊರಗೆ ಎಳೆಯಿರಿ. ನಡುವಿನ ತೆಳು ನಾಲಿಗೆಯನ್ನು ಮುಟ್ಟಬೇಡಿ. ಗುಂಡುಪಿನ್ನು, ಸೂಜಿ ಬೇಡ. ಬಾಯಿಂದ ಊದಿದರೆ ಎಂಜಲಿನ ತೇವ ಒಳಗೆ ಹೋಗುತ್ತದೆ, ಅದೂ ಬೇಡ.

ಪೋರ್ಟ್ ಸ್ವಚ್ಛವಿದ್ದರೆ ಕೇಬಲ್. ಅಗ್ಗದ ಕೇಬಲ್ಲಿನೊಳಗೆ 28 ಗೇಜಿನ ಕೂದಲೆಳೆಯ ತಂತಿ ಇರುತ್ತದೆ. ಒಂದು ಮೀಟರ್ ಕೇಬಲ್ಲಿನಲ್ಲಿ 2 ಆಂಪಿಯರ್ ಹರಿಸಿದರೆ ಹೋಗಿ-ಬರುವ ದಾರಿಯಲ್ಲೇ ಸುಮಾರು 0.85 ವೋಲ್ಟ್ ಕಳೆಯುತ್ತದೆ. ಹೊರಟ 5 ವೋಲ್ಟ್ ಫೋನಿಗೆ ತಲುಪುವಾಗ 4.15 ಆಗಿರುತ್ತದೆ, ಫೋನು ಕರೆಂಟ್ ಇಳಿಸಿಕೊಳ್ಳುತ್ತದೆ. ಅದೇ 24 ಗೇಜಿನ ದಪ್ಪ ತಂತಿಯಲ್ಲಿ ನಷ್ಟ 0.35ರ ಒಳಗೆ. ಆದ್ದರಿಂದ ಕೇಬಲ್ ದಪ್ಪವಿರಲಿ, ಗಿಡ್ಡವಿರಲಿ. ಚಾರ್ಜರನ್ನು ಬದಲಿಸದೆ ಕೇಬಲ್ ಮಾತ್ರ ಬದಲಿಸಿ 30 ನಿಮಿಷದ ಪರೀಕ್ಷೆ ಮತ್ತೆ ಮಾಡಿ. ಆಮೇಲೆ ಕೇಬಲ್ ಹಾಗೇ ಇಟ್ಟು ಚಾರ್ಜರ್ ಬದಲಿಸಿ. ಒಮ್ಮೆಗೆ ಒಂದನ್ನೇ ಬದಲಿಸಿದರೆ ಮಾತ್ರ ತಪ್ಪು ಯಾವುದೆಂದು ತಿಳಿಯುತ್ತದೆ.

ತೋಟದ ಮನೆಗಳಲ್ಲಿ ವೋಲ್ಟೇಜ್ ಕಡಿಮೆ ಎಂಬ ಚಿಂತೆ ಇರುತ್ತದೆ. ಚಾರ್ಜರಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ 150ಕ್ಕೆ ಇಳಿದರೂ ಅದು ಕೆಲಸ ಮಾಡುತ್ತದೆ. ಅಪಾಯ ಇರುವುದು ಮೇಲಕ್ಕೆ ಏರಿದಾಗ. ಕಂಬದಲ್ಲಿ ನ್ಯೂಟ್ರಲ್ ಕಡಿದರೆ ಮನೆಯ ಸಾಕೆಟ್ಟಿಗೆ 400ರ ಹತ್ತಿರ ಬರಬಹುದು, ಚಾರ್ಜರ್ ಸುಡುತ್ತದೆ. ದೀಪ ಒಮ್ಮೆಲೇ ಪ್ರಖರವಾದರೆ ಮೊದಲು ಮೇನ್ ಸ್ವಿಚ್ ಇಳಿಸಿ. ಚಾರ್ಜಿಗೆ ಹಾಕಿದಾಗ ಮಾತ್ರ ಸ್ಕ್ರೀನು ತಾನೇ ಒತ್ತಿಕೊಂಡಂತೆ ಕುಣಿದರೆ ಅದು ಕಳಪೆ ಚಾರ್ಜರಿನ ವಿದ್ಯುತ್ ಗದ್ದಲ, ಅದನ್ನು ಬಳಸಬೇಡಿ. ಚಾರ್ಜರ್ ಮತ್ತು ಪವರ್ ಬ್ಯಾಂಕಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ನೋಂದಣಿಯ ಗುರುತು, ಐಎಸ್ ಎಂದು ಶುರುವಾಗುವ ಮಾನಕದ ಸಂಖ್ಯೆ ಮತ್ತು ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಬೇಕು.

ಕುಗ್ಗಿದ ಬ್ಯಾಟರಿ

ಸಾಮಾನ್ಯವಾಗಿ 500ರಿಂದ 800 ಸೈಕಲ್ ಆದಾಗ ಬ್ಯಾಟರಿ ಮೊದಲಿನ ಸಾಮರ್ಥ್ಯದ ಶೇ. 80ಕ್ಕೆ ಇಳಿಯುತ್ತದೆ. ಒಂದು ಸೈಕಲ್ ಎಂದರೆ ಒಟ್ಟು 100 ಅಂಕ ಖರ್ಚು: ಇಂದು 50, ನಾಳೆ 50 ಆದರೆ ಒಂದು. ದಿನಕ್ಕೊಂದು ಸೈಕಲ್ ಬಳಸುವವರಿಗೆ ಸುಮಾರು ಒಂದು ವರ್ಷ ನಾಲ್ಕು ತಿಂಗಳಿನಿಂದ ಎರಡು ವರ್ಷ ಎರಡು ತಿಂಗಳು. ಐಫೋನಿನಲ್ಲಿ ಸೆಟ್ಟಿಂಗ್ಸ್‌ನ ಬ್ಯಾಟರಿ ಹೆಲ್ತ್ ಪುಟದಲ್ಲಿ ಇದು ನೇರವಾಗಿ ಕಾಣುತ್ತದೆ. ಸ್ಯಾಮ್‌ಸಂಗಿನಲ್ಲಿ ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪಿನ ಡಯಾಗ್ನೋಸ್ಟಿಕ್ಸ್ ನೋಡಿ. ಉಳಿದ ಆಂಡ್ರಾಯ್ಡ್‌ಗಳಿಗೆ ಅಕ್ಯುಬ್ಯಾಟರಿ ಆ್ಯಪ್ ಇದೆ. ಒಂದೆರಡು ಚಾರ್ಜಿನ ಅಂಕಿ ನಂಬಬೇಡಿ, ಎರಡು ವಾರದ ಸರಾಸರಿ ನೋಡಿ. ಅಂದಾಜು ಸಾಮರ್ಥ್ಯ 5000ಕ್ಕೆ ಬದಲು 3800 ಬಂದರೆ ಬದಲಿಸುವ ಕಾಲ ಬಂದಿದೆ.

ಆ್ಯಪ್ ಇಲ್ಲದೆಯೂ ಒಂದು ಪರೀಕ್ಷೆ ಇದೆ. 30 ಅಂಕದಲ್ಲಿ ಬ್ರೈಟ್‌ನೆಸ್ ಪೂರ್ತಿ ಏರಿಸಿ, ಫ್ಲ್ಯಾಶ್ ಹಚ್ಚಿ 3 ನಿಮಿಷ ವಿಡಿಯೋ ತೆಗೆಯಿರಿ. ಚೆನ್ನಾಗಿರುವ ಬ್ಯಾಟರಿ 1-2 ಅಂಕ ಇಳಿಯುತ್ತದೆ. ಮುಪ್ಪಾದದ್ದು 8-10 ಅಂಕ ಕುಸಿಯುತ್ತದೆ, ಇಲ್ಲವೇ ಫೋನೇ ಆಫ್ ಆಗುತ್ತದೆ. ಹಳೆಯ ಬ್ಯಾಟರಿಯ ಒಳರೋಧ ಏರಿರುವುದರಿಂದ ಹೆಚ್ಚು ಕರೆಂಟ್ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಫೋನು ಖಾಲಿ ಎಂದು ತಿಳಿಯುತ್ತದೆ. 30ಕ್ಕೆ ಆಫ್ ಆಗಿ ಚಾರ್ಜರ್ ಹಚ್ಚಿದರೆ 20 ತೋರಿಸುವುದಕ್ಕೂ ಇದೇ ಕಾರಣ.

ಬದಲಿ ಬ್ಯಾಟರಿ ಕೊಳ್ಳುವಾಗ ಫೋನಿನ ಹೆಸರು ಹೇಳಿ ಕೊಳ್ಳಬೇಡಿ, ಹಳೆಯ ಬ್ಯಾಟರಿಯ ಮೇಲಿನ ನಂಬರ್ ಹೊಂದಿಸಿ. ಸಾಮಾನ್ಯವಾಗಿ ಶಿಯೋಮಿಯದು ಬಿಎನ್, ಒಪ್ಪೋ-ರಿಯಲ್‌ಮಿಯದು ಬಿಎಲ್‌ಪಿ, ಸ್ಯಾಮ್‌ಸಂಗಿನದು ಇಬಿ ಎಂದು ಶುರುವಾಗುತ್ತದೆ. ಐಎಸ್ 16046, ಬಿಐಎಸ್ ಸಂಖ್ಯೆ, ತಯಾರಾದ ತಿಂಗಳು ನೋಡಿ. ಗರಿಷ್ಠ ಚಾರ್ಜ್ ವೋಲ್ಟೇಜ್ ಹಳೆಯದರಷ್ಟೇ ಇರಬೇಕು. ಅದೇ ಅಳತೆಯಲ್ಲಿ 5000ದ ಬದಲು 6500 ಎಂದು ಬರೆದಿದ್ದರೆ ಬಿಡಿ, ಅಷ್ಟು ಜಾಗದಲ್ಲಿ ಅದು ಹಿಡಿಯುವುದಿಲ್ಲ. ಹಾಕಿದ ಮೇಲೆ ಒಮ್ಮೆ 100ಕ್ಕೆ ತುಂಬಿಸಿ, 10ರವರೆಗೆ ಬಳಸಿ, ಮತ್ತೆ 100ಕ್ಕೆ ತುಂಬಿಸಿ. ಇದರಿಂದ ಶೇಕಡಾ ತೋರಿಸುವ ಲೆಕ್ಕ ಸರಿಹೊಂದುತ್ತದೆ.

ಹೊಸ ಬ್ಯಾಟರಿಯಲ್ಲೂ ಸ್ವಿಚ್ ಆಫ್ ರಾತ್ರಿಯಲ್ಲಿ 4-5 ಅಂಕ ಇಳಿದರೆ ಬೋರ್ಡಿನ ಮೇಲೆ ಎಲ್ಲೋ ಕರೆಂಟ್ ಸೋರುತ್ತಿದೆ. ನೀರು ಬಿದ್ದ ಫೋನುಗಳಲ್ಲಿ ಇದು ಹೆಚ್ಚು. ರಿಪೇರಿಯವರಿಗೆ ನಿಮ್ಮ ಚೀಟಿ ತೋರಿಸಿ, ಬ್ಯಾಟರಿ ತೆಗೆದು ಡಿಸಿ ಪವರ್ ಸಪ್ಲೈಯಿಂದ 4 ವೋಲ್ಟ್ ಕೊಟ್ಟು ನೋಡಲು ಹೇಳಿ. ಪವರ್ ಬಟನ್ ಒತ್ತುವ ಮೊದಲು ಮೀಟರಿನಲ್ಲಿ ಕರೆಂಟ್ ಸೊನ್ನೆಯ ಹತ್ತಿರ ಇರಬೇಕು. 30 ಮಿಲಿಆಂಪಿಯರ್ ತೋರಿಸಿದರೆ ಸೋರಿಕೆ ಖಾತ್ರಿ. ಬೋರ್ಡಿನ ಮೇಲೆ ರಾಳದ ಹೊಗೆಯ ಬಿಳಿ ಪದರ ಕೂಡಿಸಿ ಮತ್ತೆ ಕರೆಂಟ್ ಕೊಟ್ಟರೆ, ಕಾಯುವ ಭಾಗದ ಮೇಲೆ ಪದರ ಕರಗಿ ದೋಷದ ಜಾಗ ಕಾಣುತ್ತದೆ. ಸೋರಿಕೆ ಬಹಳ ಸಣ್ಣದಾಗಿದ್ದು ಪದರ ಕರಗದಿದ್ದರೆ ಥರ್ಮಲ್ ಕ್ಯಾಮೆರಾ ಬೇಕು. ಹಾಗಾದಾಗ ಅದು ಇರುವ ಅಂಗಡಿಗೇ ಒಯ್ಯಿರಿ. ಬಹಳ ಸಲ ಸಿಗುವುದು ಒಂದು ಚಿಕ್ಕ ಕೆಪಾಸಿಟರ್, ಅದನ್ನು ಬದಲಿಸಿದರೆ ಬೋರ್ಡ್ ಉಳಿಯುತ್ತದೆ.